ದೇಶದ ಋಣ, ಊರಿನ ಬೊಕ್ಕಸ: ಅಮೆರಿಕದ ಅಂಗವಿಕಲ ಮಾಜಿ ಸೈನಿಕರ ಆಸ್ತಿ ತೆರಿಗೆ ವಿನಾಯಿತಿ

ಮಧ್ಯ ಟೆಕ್ಸಾಸ್‌ನ ಕಿಲೀನ್ ನಗರ ಬೆಳೆದದ್ದೇ ಸೇನೆಯ ಆಸರೆಯಲ್ಲಿ. 1942ರಲ್ಲಿ ಅದರ ಮಗ್ಗುಲಲ್ಲಿ ಟ್ಯಾಂಕ್ ನಾಶಕ ಪಡೆಗಳ ತರಬೇತಿಗೆಂದು ಕ್ಯಾಂಪ್ ಹುಡ್ ತೆರೆಯಿತು. ಮುಂದೆ ಅದೇ ಫೋರ್ಟ್ ಹುಡ್ ಎಂಬ ಹೆಸರಿನ, 2 ಲಕ್ಷ ಎಕರೆಗೂ ಮಿಗಿಲಾದ ಸೇನಾ ನೆಲೆಯಾಯಿತು. ಇಲ್ಲಿ ಸೇವೆ ಮುಗಿಸಿದವರು, ಇರಾಕ್ ಮತ್ತು ಅಫ್ಘಾನಿಸ್ತಾನದಿಂದ ಗಾಯಗೊಂಡು ಮರಳಿದವರು ಹಲವರು ಇದೇ ಸುತ್ತಿನಲ್ಲಿ ಮನೆ ಕೊಂಡು ನೆಲೆ ನಿಲ್ಲುತ್ತಾರೆ. ಸೇನಾ ಆಸ್ಪತ್ರೆ ಹತ್ತಿರ, ನೆಲೆಯೊಳಗಿನ ರಿಯಾಯಿತಿ ಅಂಗಡಿ ಹತ್ತಿರ, ಜೊತೆಗೆ ದುಡಿದ ಗೆಳೆಯರೂ ಹತ್ತಿರ. ಇವರಲ್ಲಿ ಶೇ. 100ರಷ್ಟು ಅಂಗವೈಕಲ್ಯದ ಮಾನ್ಯತೆ ಪಡೆದವರು ತಾವು ವಾಸಿಸುವ ಮನೆಗೆ ಒಂದು ಡಾಲರ್ ಆಸ್ತಿ ತೆರಿಗೆಯನ್ನೂ ಕಟ್ಟಬೇಕಾಗಿಲ್ಲ. ಈ ವಿನಾಯಿತಿ ನ್ಯಾಯವಾದದ್ದು ಎಂಬ ಬಗ್ಗೆ ನನಗೆ ಸಂದೇಹವಿಲ್ಲ. ಆದರೆ ಅವರನ್ನು ಯುದ್ಧಕ್ಕೆ ಕಳಿಸಿದ್ದು ಇಡೀ ದೇಶ. ಆ ಋಣ ತೀರಿಸುವ ಹಣ ಕಿಲೀನ್‌ನಂಥ ಊರಿನ ಬೊಕ್ಕಸದಿಂದ ಏಕೆ ಹೋಗಬೇಕು? ಈ ಲೇಖನ ಕೈಗೆತ್ತಿಕೊಂಡಿರುವುದು ಈ ಪ್ರಶ್ನೆಯನ್ನು.

ಅಮೆರಿಕದಲ್ಲಿ ಆಸ್ತಿ ತೆರಿಗೆ ಸ್ಥಳೀಯಾಡಳಿತದ ಜೀವಾಳ. ನಮ್ಮಲ್ಲಿ ಪೊಲೀಸ್ ಠಾಣೆಯೂ ಸರ್ಕಾರಿ ಶಾಲೆಯೂ ನಡೆಯುವುದು ಮುಖ್ಯವಾಗಿ ರಾಜ್ಯದ ಹಣದಿಂದ. ಅಲ್ಲಿ ನಗರದ ಪೊಲೀಸರು, ಅಗ್ನಿಶಾಮಕ ದಳ, ರಸ್ತೆ, ಗ್ರಂಥಾಲಯ ಇವೆಲ್ಲ ನಗರ ಮತ್ತು ಕೌಂಟಿಯ ಹೊಣೆ. ಶಾಲೆಗೆ ಪ್ರತ್ಯೇಕ ಶಾಲಾ ಜಿಲ್ಲೆಗಳಿವೆ. ಪ್ರತಿಯೊಂದು ಸಂಸ್ಥೆಯೂ ಮನೆಯ ಬೆಲೆಗೆ ಇಂತಿಷ್ಟು ಎಂದು ತನ್ನ ದರವನ್ನು ಗೊತ್ತುಮಾಡುತ್ತದೆ. ರಾಜ್ಯ ಮಟ್ಟದ ವೈಯಕ್ತಿಕ ಆದಾಯ ತೆರಿಗೆಯೇ ಇಲ್ಲದ ಟೆಕ್ಸಾಸ್‌ನಲ್ಲಿ ಈ ದರದ ಭಾರ ಇನ್ನೂ ಹೆಚ್ಚು. ವಿನಾಯಿತಿ ನೀಡುವ ಕಾನೂನನ್ನು ಬರೆಯುವುದು ರಾಜ್ಯ, ಅದರ ನಷ್ಟ ಬೀಳುವುದು ಊರಿನ ಮೇಲೆ. ಯಾರು ಅರ್ಹರು ಎಂದು ತೀರ್ಮಾನಿಸುವುದು ಇವೆರಡೂ ಅಲ್ಲ, ವಾಷಿಂಗ್ಟನ್‌ನ ಮಾಜಿ ಸೈನಿಕರ ಇಲಾಖೆ. ಒಂದೇ ಸವಲತ್ತಿನ ಮೂರು ಎಳೆಗಳು ಹೀಗೆ ಮೂರು ಕೈಗಳಲ್ಲಿವೆ.

ಇಲಾಖೆಯ ಅಳತೆಗೋಲನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಸೇವೆಯಿಂದ ಉಂಟಾದ ಪ್ರತಿಯೊಂದು ಗಾಯ ಅಥವಾ ಕಾಯಿಲೆಗೆ ಶೇ. 0ರಿಂದ 100ರವರೆಗೆ ಹತ್ತರ ಅಂತರದಲ್ಲಿ ಅಂಕ ಕೊಡಲಾಗುತ್ತದೆ. ಅಂಗವೈಕಲ್ಯದಿಂದ ಸರಾಸರಿ ಗಳಿಕೆಯ ಶಕ್ತಿ ಎಷ್ಟು ಕುಂದಿದೆ ಎಂಬುದು ಇದರ ತಳಹದಿ. 1945ರ ಅಂಕಪಟ್ಟಿಯ ಚೌಕಟ್ಟು ಹಲವು ತಿದ್ದುಪಡಿಗಳೊಂದಿಗೆ ಇಂದಿಗೂ ಉಳಿದಿದೆ. ಒಂದಕ್ಕಿಂತ ಹೆಚ್ಚು ತೊಂದರೆಗಳಿದ್ದರೆ ಅಂಕಗಳನ್ನು ನೇರವಾಗಿ ಕೂಡುವುದಿಲ್ಲ. ಬೆನ್ನಿನ ಗಾಯಕ್ಕೆ 50, ಯುದ್ಧಾನಂತರದ ಮಾನಸಿಕ ಆಘಾತಕ್ಕೆ 70 ಬಂದಿದೆ ಎಂದುಕೊಳ್ಳಿ. ಮೊದಲು 100ರಲ್ಲಿ 70 ಕಳೆದರೆ ಉಳಿಯುವುದು 30. ಅದರಲ್ಲಿ ಅರ್ಧ, ಅಂದರೆ 15, ಸೇರಿ 85 ಆಗುತ್ತದೆ. ಹತ್ತರ ಲೆಕ್ಕಕ್ಕೆ ತಂದರೆ 90. ಈ ಕ್ರಮದಲ್ಲಿ 100 ತಲುಪಬೇಕಾದರೆ ಒಟ್ಟು 95 ಮುಟ್ಟಬೇಕು. ಮೇಲೇರಿದಂತೆ ಪ್ರತಿ ಮೆಟ್ಟಿಲೂ ಕಡಿದಾಗುತ್ತದೆ.

ಕಡಿದಾದ ಈ ಮೆಟ್ಟಿಲುಗಳ ತುದಿಯಲ್ಲಿ ಟೆಕ್ಸಾಸ್ ತನ್ನ ದೊಡ್ಡ ಸವಲತ್ತನ್ನು ಇಟ್ಟಿದೆ. ಅಲ್ಲಿನ ತೆರಿಗೆ ಸಂಹಿತೆಯಂತೆ ಶೇ. 10ರಿಂದ 29ರ ಅಂಗವೈಕಲ್ಯಕ್ಕೆ ಮನೆಯ ಬೆಲೆಯಲ್ಲಿ 5,000 ಡಾಲರ್ ಕಳೆಯುತ್ತಾರೆ. 30ರಿಂದ 49ಕ್ಕೆ 7,500. 50ರಿಂದ 69ಕ್ಕೆ 10,000. 70 ಮತ್ತು ಮೇಲ್ಪಟ್ಟವರಿಗೆ 12,000. ಶೇ. 100 ಆದವರಿಗೆ ಪೂರ್ಣ ಮಾಫಿ. 2007ರ ನವೆಂಬರಿನಲ್ಲಿ ಮತದಾರರು ಇದಕ್ಕಾಗಿ ರಾಜ್ಯ ಸಂವಿಧಾನವನ್ನು ತಿದ್ದಿದರು, 2009ರಲ್ಲಿ ಶಾಸನ ಬಂತು. ಇತರ ರಿಯಾಯಿತಿಗಳನ್ನು ಬದಿಗಿಟ್ಟು ಲೆಕ್ಕ ಹಾಕೋಣ: 3 ಲಕ್ಷ ಡಾಲರ್ ಬೆಲೆಯ ಮನೆ, ಎಲ್ಲ ಸಂಸ್ಥೆಗಳ ದರ ಸೇರಿ ನೂರಕ್ಕೆ 2 ಡಾಲರ್. ವರ್ಷದ ತೆರಿಗೆ 6,000 ಡಾಲರ್. ಶೇ. 90ರ ಮಾಜಿ ಸೈನಿಕರಿಗೆ ಇದರಲ್ಲಿ ಉಳಿತಾಯವಾಗುವುದು 240 ಡಾಲರ್, ಶೇ. 100ರವರಿಗೆ ಪೂರ್ತಿ 6,000. ಹತ್ತು ಅಂಕಗಳ ನಡುವೆ ಇಷ್ಟು ಆಳದ ಕಂದಕವನ್ನು ಯಾವ ವೈದ್ಯಕೀಯ ವಾದವೂ ಸಮರ್ಥಿಸಲಾರದು. 100 ತಲುಪದಿದ್ದರೂ ಗಾಯದಿಂದಾಗಿ ಉದ್ಯೋಗ ಮಾಡಲಾಗದವರನ್ನು ಟೆಕ್ಸಾಸ್ ಪೂರ್ಣ ಮಾಫಿಗೆ ಸೇರಿಸಿಕೊಂಡಿದೆ. ಇದು ಒಳ್ಳೆಯ ತಿಳಿವಳಿಕೆ. ಕೊಲರಾಡೋದಲ್ಲಿ ಇಂಥವರು 2024ರ ಜನಮತದವರೆಗೆ ಕಾಯಬೇಕಾಯಿತು.

ಇನ್ನೊಂದು ಅಸಮತೆಯ ಬಗ್ಗೆ ಚರ್ಚೆ ಕಡಿಮೆ. ಪೂರ್ಣ ಮಾಫಿ ಅಳೆಯುವುದು ಮನೆಯನ್ನು, ಗಾಯವನ್ನಲ್ಲ. ಒಂದೇ ಬಾಂಬಿಗೆ ಕಾಲು ಕಳೆದುಕೊಂಡ ಇಬ್ಬರಲ್ಲಿ ಒಬ್ಬರ ಮನೆ ಒಂದೂವರೆ ಲಕ್ಷದ್ದು, ಇನ್ನೊಬ್ಬರದು ಹದಿನೈದು ಲಕ್ಷದ್ದು ಎಂದರೆ ನೆರವಿನ ಮೊತ್ತವೂ ಹತ್ತು ಪಟ್ಟಾಗುತ್ತದೆ. ಕ್ಯಾಲಿಫೋರ್ನಿಯ ಇದಕ್ಕೆ ಮಿತಿ ಹಾಕಿದೆ. ಅಲ್ಲಿ ಕಾನೂನಿನ ಮೂಲ ಮೊತ್ತ 1 ಲಕ್ಷ ಡಾಲರ್, ಕಡಿಮೆ ಆದಾಯದವರಿಗೆ 1.5 ಲಕ್ಷ; ಎರಡೂ ಬೆಲೆಯೇರಿಕೆಗೆ ತಕ್ಕಂತೆ ಏರುತ್ತವೆ. ಪೆನ್ಸಿಲ್ವೇನಿಯ ಆರ್ಥಿಕ ಅಗತ್ಯವನ್ನು ತೋರಿಸಬೇಕು ಎನ್ನುತ್ತದೆ. ಪೆನ್ಸಿಲ್ವೇನಿಯದ ದಾರಿ ನನಗೆ ಒಪ್ಪಿಗೆಯಾಗುವುದಿಲ್ಲ. ದೇಶಕ್ಕಾಗಿ ದೇಹ ಕೊಟ್ಟವರು ತಮ್ಮ ಬಡತನವನ್ನು ಸಾಬೀತುಪಡಿಸಬೇಕೆಂದರೆ ಸಲ್ಲಬೇಕಾದದ್ದು ದಾನವಾಗಿಬಿಡುತ್ತದೆ. ಕ್ಯಾಲಿಫೋರ್ನಿಯದ ಮಿತಿಯಲ್ಲಿ ಆ ಅವಮಾನವಿಲ್ಲ.

ಯಾರಿಗೆ ಎಷ್ಟು ಎಂಬುದರ ಜೊತೆಗೆ ಯಾವ ಊರಿನವರಿಗೆ ಎಂಬ ಪ್ರಶ್ನೆಯೂ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ನ್ಯೂ ಮೆಕ್ಸಿಕೋ ವಿಯೆಟ್ನಾಂ ಯುದ್ಧದ ಸೈನಿಕರಿಗೆ ತೆರಿಗೆ ಬೀಳುವ ಮೌಲ್ಯದಲ್ಲಿ 2,000 ಡಾಲರ್ ಬಿಟ್ಟುಕೊಟ್ಟಿತ್ತು. ಇದು ಅಂಗವಿಕಲರಿಗಷ್ಟೇ ಮೀಸಲಾಗಿರಲಿಲ್ಲ. ಆದರೆ 1976ರ ಮೇ 8ಕ್ಕೆ ಮೊದಲೇ ರಾಜ್ಯದಲ್ಲಿ ನೆಲೆಸಿದ್ದವರಿಗೆ ಮಾತ್ರ ಎಂಬ ಷರತ್ತಿತ್ತು. 1981ರಲ್ಲಿ ಅಲ್ಲಿಗೆ ಬಂದ ಹೂಪರ್ ದಂಪತಿ ಬರ್ನಲೀಯೊ ಕೌಂಟಿಯ ಮೌಲ್ಯಮಾಪಕರ ವಿರುದ್ಧ ದಾವೆ ಹೂಡಿದರು. 1985ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ಈ ಷರತ್ತು ಸಮಾನ ರಕ್ಷಣೆಯ ತತ್ವಕ್ಕೆ ವಿರುದ್ಧ ಎಂದು ಬರೆದರು. ಗಡುವಿನ ದಿನಾಂಕವನ್ನು ಶಾಸಕಾಂಗ ಗೊತ್ತುಮಾಡಿದ್ದೇ ಅದು ಕಳೆದು ವರ್ಷಗಳಾದ ಮೇಲೆ. ಹಾಗಾಗಿ ಸೈನಿಕರನ್ನು ರಾಜ್ಯಕ್ಕೆ ಸೆಳೆಯಲು ಈ ನಿಯಮ ಎಂಬ ವಾದ ನಿಲ್ಲಲಿಲ್ಲ. ಹಳಬರು ತಮ್ಮವರು, ಹೊಸಬರು ಹೊರಗಿನವರು ಎಂದು ರಾಜ್ಯ ಭೇದ ಮಾಡುವಂತಿಲ್ಲ ಎಂಬುದು ತೀರ್ಪಿನ ತಿರುಳು. ನ್ಯಾಯಮೂರ್ತಿ ಸ್ಟೀವನ್ಸ್ ಸೇರಿ ಮೂವರು ಭಿನ್ನಮತ ತಳೆದರು.

ಹೂಪರ್ ತೀರ್ಪನ್ನು ಓದುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತಾರೆ. ಅದರ ಹಣಕಾಸಿನ ಪರಿಣಾಮ ಇನ್ನೂ ದೂರ ಹೋಗುತ್ತದೆ ಎಂದು ನನಗೆ ತೋರುತ್ತದೆ. ಬಂದು ನೆಲೆಸುವ ಮಾಜಿ ಸೈನಿಕರನ್ನು ರಾಜ್ಯ ಬೇರ್ಪಡಿಸುವಂತಿಲ್ಲ ಎಂದಾದರೆ, ಉದಾರವಾದ ರಾಜ್ಯದ ನೆಲೆಗೆ ಹತ್ತಿರದ ಊರು ದೇಶದ ಎಲ್ಲೆಡೆಯಿಂದ ಬರುವವರ ಋಣವನ್ನು ಹೊರಬೇಕಾಗುತ್ತದೆ. ಸೇನಾ ನೆಲೆಯ ಭೂಮಿ ಫೆಡರಲ್ ಆಸ್ತಿ, ಅದಕ್ಕೆ ತೆರಿಗೆ ಹಾಕುವಂತೆಯೇ ಇಲ್ಲ. ಪಕ್ಕದ ಬಡಾವಣೆಗಳ ಮನೆಗಳೂ ಒಂದೊಂದಾಗಿ ಪಟ್ಟಿಯಿಂದ ಹೊರಗೆ ಹೋದಾಗ ನಗರಸಭೆಗೆ ಎರಡೇ ದಾರಿ: ಉಳಿದವರ ದರ ಏರಿಸುವುದು ಅಥವಾ ಸೇವೆ ಕಡಿತಗೊಳಿಸುವುದು. ಉಳಿದವರಲ್ಲಿ ಶೇ. 90ರ ಮಾಜಿ ಸೈನಿಕರೂ ಇದ್ದಾರೆ. ವಿಷಕಾರಿ ಹೊಗೆಗೆ ಒಡ್ಡಿಕೊಂಡವರ ಕಾಯಿಲೆಗಳನ್ನು ಸೇವೆಯಿಂದಲೇ ಬಂದವೆಂದು ಪರಿಗಣಿಸುವ 2022ರ ಪ್ಯಾಕ್ಟ್ ಕಾಯಿದೆ ಬಹಳ ತಡವಾಗಿಯಾದರೂ ಸರಿಯಾದ ಕೆಲಸ ಮಾಡಿತು. ಅದರ ಪರಿಹಾರ ಧನವನ್ನು ಫೆಡರಲ್ ಖಜಾನೆ ಕೊಡುತ್ತದೆ. ಅದರಿಂದ ಹೆಚ್ಚುವ ತೆರಿಗೆ ಮಾಫಿಯ ಬಾಬತ್ತು ಮಾತ್ರ ಊರಿನ ಪಾಲಿಗೆ.

ಊರುಗಳ ಮೇಲೆ ಬೀಳುವ ಈ ಹೊರೆಯನ್ನು 2015ರಲ್ಲೇ ಟೆಕ್ಸಾಸ್ ಶಾಸಕಾಂಗ ಒಪ್ಪಿಕೊಂಡಿತ್ತು. ಸೇನಾ ನೆಲೆಗೆ ತಾಗಿದ ನಗರ ಮತ್ತು ನೆಲೆಯಿರುವ ಕೌಂಟಿಗಳಿಗೆ, ಮಾಫಿಯಿಂದಾದ ನಷ್ಟ ಸಾಮಾನ್ಯ ನಿಧಿಯ ಆದಾಯದ ಶೇ. 2ನ್ನು ದಾಟಿದರೆ, ದಾಟಿದ ಭಾಗವನ್ನು ರಾಜ್ಯ ತುಂಬಿಕೊಡಬೇಕೆಂದು ಕಾನೂನು ಮಾಡಿತು. ಆದರೆ ಬಜೆಟ್ಟಿನಲ್ಲಿ ಇಟ್ಟ ಹಣ ಸಾಲದಿದ್ದರೆ ಎಲ್ಲರಿಗೂ ಪ್ರಮಾಣಾನುಸಾರ ಕಡಿತ. ವರ್ಜೀನಿಯ 2010ರಲ್ಲಿ ಸಂವಿಧಾನಕ್ಕೇ ತಿದ್ದುಪಡಿ ತಂದು ಪೂರ್ಣ ಮತ್ತು ಶಾಶ್ವತ ಅಂಗವಿಕಲರ ಮನೆಗೆ ಮಾಫಿ ಕೊಟ್ಟಿತಾದರೂ, ನಾರ್ಫೋಕ್‌ನಂಥ ನೌಕಾನೆಲೆಯ ನಗರಗಳ ನಷ್ಟಕ್ಕೆ ಅದರಲ್ಲಿ ಪರಿಹಾರದ ಏರ್ಪಾಡಿರಲಿಲ್ಲ. ಕೊಲರಾಡೋ ಕೊಡುವುದು ಕಡಿಮೆ: ಮನೆಯ ಮೊದಲ 2 ಲಕ್ಷ ಡಾಲರ್ ಬೆಲೆಯ ಅರ್ಧಕ್ಕೆ ಮಾತ್ರ ವಿನಾಯಿತಿ. ಆದರೆ ಆ ನಷ್ಟವನ್ನು ಕೌಂಟಿಗಳಿಗೆ ರಾಜ್ಯವೇ ತುಂಬಿಕೊಡುತ್ತದೆ. ಉದಾರತೆಗೆ ವರ್ಜೀನಿಯ ಮಾದರಿ, ಹೊಣೆಗಾರಿಕೆಗೆ ಕೊಲರಾಡೋ ಮಾದರಿ. ಇವೆರಡನ್ನೂ ಕೂಡಿಸಲು ವಾಷಿಂಗ್ಟನ್ನಿಗೆ ಹಳೆಯ ಅನುಭವವೇ ಇದೆ. ಫೆಡರಲ್ ಭೂಮಿಯಿಂದ ತೆರಿಗೆ ಕಳೆದುಕೊಂಡ, ಸೈನಿಕರ ಮಕ್ಕಳಿಗೆ ಪಾಠ ಹೇಳುವ ಶಾಲಾ ಜಿಲ್ಲೆಗಳಿಗೆ 1950ರಿಂದ ಅದು ಇಂಪ್ಯಾಕ್ಟ್ ಏಡ್ ಎಂಬ ಅನುದಾನ ಕೊಡುತ್ತ ಬಂದಿದೆ. ಮಾಫಿಯಾದ ಪ್ರತಿ ಮನೆಯ ಲೆಕ್ಕ ಕೌಂಟಿ ಕಚೇರಿಗಳಲ್ಲಿ ಈಗಾಗಲೇ ಇದೆ. ಇಂಪ್ಯಾಕ್ಟ್ ಏಡ್‌ನ ತತ್ವವನ್ನು ನಗರಗಳಿಗೂ ವಿಸ್ತರಿಸಲು ಬೇಕಿರುವುದು ಹಣ ಮತ್ತು ಮನಸ್ಸು.

ಇನ್ನು ಶೇ. 90 ಮತ್ತು 100ರ ನಡುವಿನ ಕಂದಕ ಮುಚ್ಚಲು ಮಾದರಿಯನ್ನು ನ್ಯೂ ಮೆಕ್ಸಿಕೋ ತೋರಿಸಿದೆ. 2024ರ ನವೆಂಬರಿನಲ್ಲಿ ಮತದಾರರು ಒಪ್ಪಿದ ತಿದ್ದುಪಡಿಯಂತೆ, ಮೊದಲು ಶೇ. 100ರವರಿಗಷ್ಟೇ ಇದ್ದ ಮಾಫಿ ಈಗ ಅಂಗವೈಕಲ್ಯದ ಪ್ರಮಾಣಕ್ಕೆ ತಕ್ಕಂತೆ ಸಿಗುತ್ತದೆ: ಶೇ. 60 ಇದ್ದವರಿಗೆ ಶೇ. 60ರಷ್ಟು.

ಈ ಯಾವ ಮಾದರಿಯಲ್ಲೂ ಬಾಡಿಗೆ ಮನೆಯಲ್ಲಿರುವವರ ಹೆಸರಿಲ್ಲ ಎಂಬುದು ಉಳಿಯುವ ದೊಡ್ಡ ಕೊರತೆ. ಮನೆ ಕೊಳ್ಳಲಾಗದಷ್ಟು ಗಾಯಗೊಂಡವರು, ಗಳಿಕೆ ನಿಂತುಹೋದವರು, ಸಂಸಾರ ಮುರಿದು ಒಂದು ಕೋಣೆಗೆ ಬಂದವರು ಮಾಲೀಕರ ತೆರಿಗೆಯನ್ನು ಬಾಡಿಗೆಯ ರೂಪದಲ್ಲಿ ಕಟ್ಟುತ್ತಲೇ ಇರುತ್ತಾರೆ. ಮಿಷಿಗನ್ ತನ್ನ ವಸತಿ ತೆರಿಗೆ ರಿಯಾಯಿತಿಯಲ್ಲಿ ಬಾಡಿಗೆಯ ಶೇ. 23ನ್ನು ಆಸ್ತಿ ತೆರಿಗೆ ಎಂದೇ ಎಣಿಸುತ್ತದೆ. ಅಂಗವಿಕಲ ಮಾಜಿ ಸೈನಿಕರ ವಿನಾಯಿತಿಯನ್ನು ಮುಂದೆ ತಿದ್ದುವ ಪ್ರತಿಯೊಂದು ರಾಜ್ಯವೂ ಈ ಲೆಕ್ಕವನ್ನು ತನ್ನ ಕಾನೂನಿಗೆ ತರಬಹುದು. ಮೊದಲು ತರಬೇಕಾದದ್ದೂ ಇದನ್ನೇ.