ಬರಿಗಾಲು ಮತ್ತು ಪರದೇಶ: ಮೊಹಮ್ಮದ್ ಸಲೀಂ ಅವರ ಗ್ಲಾಸ್ಗೋ ಪ್ರಸಂಗ

ಪರದೇಶಕ್ಕೆ ಹೋದ ಆಟಗಾರರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಪಂದ್ಯಗಳನ್ನೂ ಗೋಲುಗಳನ್ನೂ ಎಣಿಸುತ್ತಾರೆ. ಮನಸ್ಸು ಆ ನೆಲಕ್ಕೆ ಒಗ್ಗಿತೇ ಎಂಬ ಪ್ರಶ್ನೆಗೆ ಒಂದು ಸಾಲನ್ನು ಮೀಸಲಿಟ್ಟು ಮುಂದೆ ಸಾಗುತ್ತಾರೆ. ಕಲಕತ್ತೆಯ ಫುಟ್‌ಬಾಲ್ ಆಟಗಾರ ಮೊಹಮ್ಮದ್ ಸಲೀಂ ಅವರ ವಿಷಯದಲ್ಲಿ ಆ ಸಾಲು, ತವರಿನ ಹಂಬಲ ತಾಳಲಾರದೆ ಮರಳಿದರು ಎಂಬುದು. ಅದರಲ್ಲಿ ಅಡಗಿರುವ ಸೋಲಿನ ಧ್ವನಿಯನ್ನು ನಾವು ಒಪ್ಪಲಾರೆವು.

1936ರಲ್ಲಿ ಸಲೀಂ ಬಂಧುವೊಬ್ಬರೊಡನೆ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ ತೆರಳಿ, ಸೆಲ್ಟಿಕ್ ಕ್ಲಬ್ಬಿನ ಮ್ಯಾನೇಜರ್ ವಿಲ್ಲಿ ಮೇಲಿ ಅವರ ಅನುಮತಿ ಪಡೆದು ಕಣಕ್ಕಿಳಿದರು. ಬೂಟು ತೊಟ್ಟು ಆಡುವ ರೂಢಿ ಅವರದಲ್ಲ. ಕ್ಲಬ್ಬೇ ಅವರ ರೂಢಿಗೆ ಹೊಂದಿಕೊಂಡಿತು. ತರಬೇತುದಾರ ಜಿಮ್ಮಿ ಮೆಕ್‌ಮೆನೆಮಿ ಅವರು ಸಲೀಂ ಪಾದಗಳಿಗೆ ಬಟ್ಟೆಯ ಪಟ್ಟಿ ಸುತ್ತುತ್ತಿರುವ ಛಾಯಾಚಿತ್ರ ಪ್ರಸಿದ್ಧವಾದುದು. ಅಲಯನ್ಸ್ ಲೀಗಿನಲ್ಲಿ ಅವರು ಆಡಿದ ಎರಡು ಪಂದ್ಯಗಳಲ್ಲಿ ಸೆಲ್ಟಿಕ್ ಹ್ಯಾಮಿಲ್ಟನ್ ತಂಡವನ್ನು 5-1ರಿಂದಲೂ ಗಾಲ್‌ಸ್ಟನ್ ತಂಡವನ್ನು 7-1ರಿಂದಲೂ ಸೋಲಿಸಿತು. ಅಲ್ಲಿನ ಪತ್ರಿಕೆಯೊಂದು ಅವರನ್ನು 'ಇಂಡಿಯನ್ ಜಗ್ಲರ್' ಎಂದು ಕರೆದು, ಅವರ ಹತ್ತು ಕಾಲ್ಬೆರಳುಗಳ ಚಳಕವನ್ನು ಕೊಂಡಾಡಿತು.

ಈ ಹೊಗಳಿಕೆಯನ್ನು ಮತ್ತೊಮ್ಮೆ ಓದಬೇಕು. ಅಂದಿನ ಬ್ರಿಟನ್ನಿನಲ್ಲಿ ಆ ಹೆಸರು ನೆನಪಿಗೆ ತರುತ್ತಿದ್ದುದು ರಂಗಮಂಚದ ಮೇಲೆ ಕೈಚಳಕ ತೋರುತ್ತಿದ್ದ ಹಿಂದೂಸ್ಥಾನದ ಜಾದೂಗಾರನನ್ನು. ಜನ ಮೆಚ್ಚಿದರು, ನಿಜ. ಆದರೆ ಸೋಜಿಗವೊಂದನ್ನು ಮೆಚ್ಚುವಂತೆ ಮೆಚ್ಚಿದರು. ಪಾದಗಳಿಗೆ ದೊರೆತ ಆಸರೆ ಮನಸ್ಸಿಗೆ ದೊರೆಯಲಿಲ್ಲವೆಂದೇ ನಮಗೆ ತೋರುತ್ತದೆ.

ಹೋಲಿಕೆಗೆ ದೂರ ಹೋಗಬೇಕಿಲ್ಲ. ಸಲೀಂ ಆಡುತ್ತಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ ಕ್ಲಬ್ಬು ಆ ದಶಕದಲ್ಲೇ ಬೆಂಗಳೂರಿನಿಂದ ಆಟಗಾರರನ್ನು ಕರೆಸಿಕೊಂಡಿತ್ತು. ಅವರಿಗೂ ಕಲಕತ್ತೆ ಪರಸ್ಥಳವೇ. ಆದರೆ ಬಂದವರು ಒಬ್ಬರಲ್ಲ, ಹಲವರು. ಊರಿನ ಮಾತಿಗೆ ಊರಿನವರೇ ಪಕ್ಕದಲ್ಲಿದ್ದರು.

ಪ್ರಾಸಂಗಿಕವಾಗಿ ಒಂದು ಮಾತು. ವೇಮುಲವಾಡದ ಅರಿಕೇಸರಿಯ ಆಸ್ಥಾನದಲ್ಲಿದ್ದು 'ವಿಕ್ರಮಾರ್ಜುನ ವಿಜಯ'ವನ್ನು ರಚಿಸಿದ ಪಂಪನು ಬನವಾಸಿಗಾಗಿ ಹಂಬಲಿಸಿದುದನ್ನು ನಾವು ಕಾವ್ಯಗುಣವೆಂದು ತರಗತಿಗಳಲ್ಲಿ ಬೋಧಿಸುತ್ತ ಬಂದಿದ್ದೇವೆ. ಅದೇ ಹಂಬಲ ಆಟಗಾರನಲ್ಲಿ ಕಾಣಿಸಿದಾಗ ಮನೋದೌರ್ಬಲ್ಯವೆನ್ನುವುದು ಯಾವ ನ್ಯಾಯ?

ಸಲೀಂ ಕೆಲವೇ ತಿಂಗಳಲ್ಲಿ ಹಿಂದಿರುಗಿ ಮತ್ತೆ ತಮ್ಮ ಕ್ಲಬ್ಬನ್ನು ಸೇರಿಕೊಂಡರು. 1934ರಿಂದ ಪ್ರತಿವರ್ಷ ಕಲಕತ್ತಾ ಲೀಗನ್ನು ಗೆಲ್ಲುತ್ತ ಬಂದಿದ್ದ ಮೊಹಮ್ಮಡನ್ ಸ್ಪೋರ್ಟಿಂಗ್ 1937ರಲ್ಲಿಯೂ 1938ರಲ್ಲಿಯೂ ಅದನ್ನು ಉಳಿಸಿಕೊಂಡಿತು.