ಜೆಸ್ಸೋರಿನ ಗುಮಾಸ್ತ ಮತ್ತು ಮೂರು ಅಂಗುಲದ ದುರ್ಬೀನು

ದೂರದರ್ಶಕವೆಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣ ಮುಂದೆ ಬರುವುದು ಬೆಟ್ಟದ ಮೇಲಿನ ದೊಡ್ಡ ಗುಮ್ಮಟ, ಅದರೊಳಗೆ ಆನೆಗಾತ್ರದ ಯಂತ್ರ, ಅದರ ಪಕ್ಕದಲ್ಲಿ ಪರದೇಶದಲ್ಲಿ ಓದಿ ಬಂದ ವಿಜ್ಞಾನಿ. ಇದೆಲ್ಲ ನಮ್ಮಂಥ ಸಂಬಳದಾರರ ಪಾಲಿನದಲ್ಲ ಎಂದು ನಾವು ಸುಮ್ಮನಾಗುತ್ತೇವೆ. ಆದರೆ ಖಗೋಳ ವಿಜ್ಞಾನದ ಇತಿಹಾಸವನ್ನು ಸ್ವಲ್ಪ ಕೆದಕಿ ನೋಡಿದರೆ ಬೇರೊಂದು ಸಂಗತಿ ತಿಳಿಯುತ್ತದೆ. ಈ ಶಾಸ್ತ್ರದ ಎಷ್ಟೋ ಕೆಲಸ ಸಣ್ಣ ಉಪಕರಣಗಳಿಂದ, ಸಾಮಾನ್ಯ ಜನರ ತಾಳ್ಮೆಯಿಂದ ನಡೆದಿದೆ. ಅಂಥವರಲ್ಲಿ ನಮ್ಮ ದೇಶದ ಒಬ್ಬ ಸರ್ಕಾರಿ ಗುಮಾಸ್ತರೂ ಇದ್ದರೆಂಬುದು ನಮ್ಮ ವಾಚಕರಲ್ಲಿ ಅನೇಕರಿಗೆ ಹೊಸ ವಿಷಯವಾಗಿರಬಹುದು.

ಮೊದಲು ಸ್ವಲ್ಪ ಹಿನ್ನೆಲೆ. 1609ರಲ್ಲಿ ಇಟಲಿಯ ಗೆಲಿಲಿಯೋ ತಾನೇ ಮಸೂರಗಳನ್ನು ಉಜ್ಜಿ ದೂರದರ್ಶಕ ಮಾಡಿಕೊಂಡನು. ಮರುವರ್ಷ ಜನವರಿಯಲ್ಲಿ ಗುರುಗ್ರಹದ ಸುತ್ತ ನಾಲ್ಕು ಚಂದ್ರರನ್ನು ಕಂಡನು. ಅವನ ಆ ಕೊಳವೆ ವಸ್ತುಗಳನ್ನು ಸುಮಾರು ಇಪ್ಪತ್ತು ಪಟ್ಟು ದೊಡ್ಡದಾಗಿ ತೋರಿಸುತ್ತಿತ್ತು, ಅಷ್ಟೇ. ಇಂದು ಮಕ್ಕಳಿಗೆಂದು ಮಾರುವ ಸಾಧಾರಣ ದೂರದರ್ಶಕವೂ ಅದಕ್ಕಿಂತ ಎಷ್ಟೋ ಮೇಲು. ನಮ್ಮ ನೆಲದಲ್ಲಿಯೂ ದೂರದರ್ಶಕದ ಬಳಕೆ ಬೇಗನೆ ಆರಂಭವಾಯಿತು. 1689ರ ಡಿಸೆಂಬರಿನಲ್ಲಿ ಪಾಂಡಿಚೇರಿಯಲ್ಲಿದ್ದ ಜೆಸ್ಯೂಟ್ ಪಾದ್ರಿ ರಿಶೋ ಎಂಬಾತ ಧೂಮಕೇತುವೊಂದನ್ನು ನೋಡುತ್ತಿದ್ದಾಗ, ದಕ್ಷಿಣಾಕಾಶದ ಆಲ್ಫಾ ಸೆಂಟಾರಿ ಒಂಟಿ ನಕ್ಷತ್ರವಲ್ಲ, ಜೋಡಿ ನಕ್ಷತ್ರ ಎಂದು ಕಂಡುಹಿಡಿದನು.

ಈ ಕತೆಯಲ್ಲಿ ಕನ್ನಡಕ್ಕೂ ಒಂದು ಸಣ್ಣ ಪಾಲುಂಟು. ಮದರಾಸಿನ ವೀಕ್ಷಣಾಲಯದಲ್ಲಿ ಸಹಾಯಕರಾಗಿದ್ದ ಚಿಂತಾಮಣಿ ರಘುನಾಥಾಚಾರ್ಯರು 1867ರಲ್ಲಿ ಕಾಂತಿ ಏರಿಳಿಯುವ ನಕ್ಷತ್ರವೊಂದನ್ನು ಪತ್ತೆಮಾಡಿದರು. ಅದಕ್ಕೆ ಈಗ ‘ಆರ್ ರೆಟಿಕ್ಯುಲಿ’ ಎಂಬ ಹೆಸರಿದೆ. 1874ರ ಡಿಸೆಂಬರ್ 9ರಂದು ಶುಕ್ರಗ್ರಹವು ಸೂರ್ಯಬಿಂಬದ ಮೇಲೆ ಹಾದುಹೋಗುವ ಅಪರೂಪದ ನೋಟ ನಮ್ಮ ದೇಶದಲ್ಲಿ ಕಾಣುವುದಿತ್ತು. ಅದನ್ನು ಜನರಿಗೆ ಮೊದಲೇ ತಿಳಿಸಲು ಆಚಾರ್ಯರು ಒಂದು ಕಿರುಪುಸ್ತಕ ಬರೆದರು. ಸಿದ್ಧಾಂತಿಯೊಬ್ಬರು ತಮ್ಮ ಮಿತ್ರರೊಡನೆ ನಡೆಸುವ ಸಂಭಾಷಣೆಯ ರೂಪದಲ್ಲಿದ್ದ ಅದು ಕನ್ನಡದಲ್ಲಿಯೂ ಹೊರಬಂದಿತು. ಪಂಚಾಂಗ ಬಲ್ಲವರಿಗೂ ಹೊಸ ವಿಜ್ಞಾನ ಮುಟ್ಟಬೇಕೆಂಬ ಕಾಳಜಿ ಅವರದು.

ಆದರೆ ರಘುನಾಥಾಚಾರ್ಯರಿಗೆ ವೀಕ್ಷಣಾಲಯದ ಆಸರೆಯಿತ್ತು. ಅಂಥ ಯಾವ ಆಸರೆಯೂ ಇಲ್ಲದೆ, ಸ್ವಂತ ದುಡ್ಡಿನ ಸಣ್ಣ ದೂರದರ್ಶಕದಿಂದ ಲೋಕಮಾನ್ಯತೆ ಪಡೆದವರು ಬಂಗಾಳದ ರಾಧಾಗೋವಿಂದ ಚಂದ್ರ.

ಅವರು ಹುಟ್ಟಿದ್ದು 1878ರಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿರುವ ಜೆಸ್ಸೋರ್ ಜಿಲ್ಲೆಯ ಬಾಗ್ಚರ್ ಎಂಬ ಹಳ್ಳಿಯಲ್ಲಿ. ಶಾಲೆಯ ಪಾಠಪುಸ್ತಕದಲ್ಲಿದ್ದ, ಬ್ರಹ್ಮಾಂಡದ ವಿಸ್ತಾರವನ್ನು ಕುರಿತ ಒಂದು ಬಂಗಾಳಿ ಪ್ರಬಂಧ ಅವರಿಗೆ ನಕ್ಷತ್ರಗಳ ಹುಚ್ಚು ಹಿಡಿಸಿತು. ಹುಚ್ಚು ಹಿಡಿಯಿತೇ ಹೊರತು ಪರೀಕ್ಷೆ ಕೈಹಿಡಿಯಲಿಲ್ಲ. ಎಂಟ್ರೆನ್ಸ್ ಪರೀಕ್ಷೆಯನ್ನು ಅವರಿಂದ ದಾಟಲಾಗಲಿಲ್ಲ. ಕೊನೆಗೆ ಜೆಸ್ಸೋರಿನ ಕಲೆಕ್ಟರ ಕಚೇರಿಯ ಖಜಾನೆಯಲ್ಲಿ ಅಲ್ಪ ಸಂಬಳದ ನೌಕರಿ ಹಿಡಿದರು. ಹಗಲೆಲ್ಲ ಸರ್ಕಾರದ ಹಣದ ಲೆಕ್ಕ, ರಾತ್ರಿಯಾದರೆ ಆಕಾಶದ ಲೆಕ್ಕ, ಹೀಗೆ ಅವರ ಬಾಳು ಸಾಗಿತು. ಅದೇ ಊರಿನ ಕಾಳೀನಾಥ ಮುಖರ್ಜಿ ಎಂಬ ವಕೀಲರು ನಕ್ಷತ್ರಪಟಗಳನ್ನು ಸಿದ್ಧಪಡಿಸುವವರು. ಅವರ ಒಡನಾಟದಲ್ಲಿ ಚಂದ್ರ ಅವರು ನಕ್ಷತ್ರಗಳನ್ನು ಹೆಸರು ಹಿಡಿದು ಗುರುತಿಸಲು ಕಲಿತರು.

1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅವರ ಕೈಯಲ್ಲಿ ಇದ್ದುದು ಒಂದು ಬೈನಾಕ್ಯುಲರ್ ಮಾತ್ರ. ಅದರಿಂದಲೇ ಧೂಮಕೇತುವನ್ನು ನೋಡಿ ಬಂಗಾಳಿಯಲ್ಲಿ ಲೇಖನ ಬರೆದರು. ಶಾಂತಿನಿಕೇತನದಲ್ಲಿ ವಿಜ್ಞಾನ ಕಲಿಸುತ್ತಿದ್ದ ಜಗದಾನಂದ ರಾಯ್ ಅವರು ಈ ಉತ್ಸಾಹವನ್ನು ಗಮನಿಸಿ ಒಂದು ದೂರದರ್ಶಕ ಕೊಳ್ಳಿರೆಂದು ಹುರಿದುಂಬಿಸಿದರು. 1912ರಲ್ಲಿ ಚಂದ್ರ ಅವರು ಇಂಗ್ಲೆಂಡಿನಿಂದ ಮೂರು ಅಂಗುಲದ ಮಸೂರವುಳ್ಳ ದೂರದರ್ಶಕವೊಂದನ್ನು ತರಿಸಿಕೊಂಡರು. ಬೆಲೆ ನೂರೈವತ್ತು ರೂಪಾಯಿಗೂ ಮಿಕ್ಕಿತ್ತು. ಅಂದಿನ ಖಜಾನೆ ನೌಕರನಿಗೆ ಅದು ಎಷ್ಟೋ ತಿಂಗಳ ಸಂಬಳ. ಹೆಂಡತಿ ಮಕ್ಕಳಿರುವ ಗೃಹಸ್ಥನೊಬ್ಬ ಅಷ್ಟು ಹಣವನ್ನು ಒಂದು ಕೊಳವೆಗೆ ಸುರಿಯುವುದೆಂದರೆ ಮನೆಯಲ್ಲಿಯೂ ಊರಿನಲ್ಲಿಯೂ ಏನೇನು ಮಾತು ಹುಟ್ಟಿರಬಹುದೆಂದು ತಿಂಗಳ ಕೊನೆಯ ವಾರವನ್ನು ಬಲ್ಲ ನಾವು ಊಹಿಸಬಲ್ಲೆವು.

ಮೂರು ಅಂಗುಲ ಎಂದರೆ ಎಷ್ಟು? ಕತ್ತಲಲ್ಲಿ ಪೂರ್ತಿ ಅರಳಿದ ನಮ್ಮ ಕಣ್ಣಿನ ಪಾಪೆಯ ಅಗಲ ಸುಮಾರು ಏಳು ಮಿಲಿಮೀಟರ್. ಮೂರು ಅಂಗುಲದ ಮಸೂರದ ಅಗಲ ಎಪ್ಪತ್ತಾರು ಮಿಲಿಮೀಟರ್. ಬೆಳಕನ್ನು ಹಿಡಿಯುವ ಶಕ್ತಿ ಅಗಲದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಆ ಸಣ್ಣ ಗಾಜು ಬರಿಗಣ್ಣಿಗಿಂತ ನೂರು ಪಟ್ಟಿಗೂ ಹೆಚ್ಚು ಬೆಳಕನ್ನು ಒಟ್ಟುಗೂಡಿಸುತ್ತದೆ. ಬರಿಗಣ್ಣಿಗೆ ಕಾಣದ ಸಾವಿರಾರು ನಕ್ಷತ್ರಗಳು ಅದರಲ್ಲಿ ಕಾಣತೊಡಗುತ್ತವೆ.

1918ರ ಜೂನಿನಲ್ಲಿ ಗರುಡ ಪುಂಜದಲ್ಲಿ, ಶ್ರವಣ ನಕ್ಷತ್ರಕ್ಕೆ ದೂರವಲ್ಲದ ಜಾಗದಲ್ಲಿ, ಹಿಂದೆ ಎಂದೂ ಕಾಣದಿದ್ದ ನಕ್ಷತ್ರವೊಂದು ಥಟ್ಟನೆ ಬೆಳಗಿತು. ಇಂಥವನ್ನು ‘ನೋವಾ’ ಅಥವಾ ನವ್ಯತಾರೆ ಎನ್ನುತ್ತಾರೆ. ಒಂದನ್ನೊಂದು ಸುತ್ತುವ ಜೋಡಿಯಲ್ಲಿ ಒಂದು ಸತ್ತ ಪುಟ್ಟ ನಕ್ಷತ್ರವಾಗಿದ್ದು, ಸಂಗಾತಿಯಿಂದ ಅನಿಲವನ್ನು ಸೆಳೆದುಕೊಳ್ಳುತ್ತ ಹೋಗಿ ಒಮ್ಮೆ ಸಿಡಿದಾಗ ಹೀಗಾಗುತ್ತದೆ. ಆಕಾಶದ ಮೂಲೆ ಮೂಲೆಯನ್ನೂ ಬಲ್ಲವರಿಗಲ್ಲದೆ ಇನ್ನಾರಿಗೂ ‘ಇದು ಹೊಸದು’ ಎಂದು ಹೊಳೆಯದು. ಜಗತ್ತಿನ ಬೇರೆ ಬೇರೆ ಕಡೆಗಳಲ್ಲಿ ಅದನ್ನು ಸ್ವತಂತ್ರವಾಗಿ ಗುರುತಿಸಿದವರಲ್ಲಿ ಜೆಸ್ಸೋರಿನ ಖಜಾನೆ ನೌಕರರೂ ಒಬ್ಬರು. ಜಗದಾನಂದ ರಾಯರ ಸಲಹೆಯಂತೆ ಅವರು ತಮ್ಮ ಟಿಪ್ಪಣಿಗಳನ್ನು ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯಕ್ಕೆ ಅಂಚೆಯಲ್ಲಿ ಕಳುಹಿಸಿದರು. ಅಲ್ಲಿನವರು ಅವನ್ನು ಕಸದ ಬುಟ್ಟಿಗೆ ಹಾಕಲಿಲ್ಲ. ಕಾಂತಿ ಏರಿಳಿಯುವ ನಕ್ಷತ್ರಗಳನ್ನು ನೋಡುವ ಹವ್ಯಾಸಿಗಳ ಸಂಘವೊಂದು 1911ರಲ್ಲಿ ಅಲ್ಲಿ ಸ್ಥಾಪನೆಯಾಗಿತ್ತು. ಅದು ಚಂದ್ರ ಅವರನ್ನು ತನ್ನ ಸದಸ್ಯರನ್ನಾಗಿ ಸೇರಿಸಿಕೊಂಡಿತು.

ಈ ಕೆಲಸದ ಕ್ರಮವನ್ನು ಸ್ವಲ್ಪ ವಿವರಿಸಬೇಕು. ಕೆಲವು ನಕ್ಷತ್ರಗಳ ಬೆಳಕು ಒಂದೇ ಸಮನಾಗಿರುವುದಿಲ್ಲ. ತಿಮಿಂಗಿಲ ಪುಂಜದ ‘ಮೀರಾ’ ಸುಮಾರು ಹನ್ನೊಂದು ತಿಂಗಳಿಗೊಮ್ಮೆ ಬರಿಗಣ್ಣಿಗೆ ಕಾಣುವಷ್ಟು ಬೆಳಗಿ ಮತ್ತೆ ಮರೆಯಾಗುತ್ತದೆ. ಈ ಏರಿಳಿತವನ್ನು ಅಳೆಯಲು ದುಬಾರಿ ಯಂತ್ರವೇ ಬೇಕೆಂದಿಲ್ಲ. ಅಕ್ಕಪಕ್ಕದಲ್ಲಿ ಕಾಂತಿ ಬದಲಾಗದ ಎರಡು ನಕ್ಷತ್ರಗಳನ್ನು ಆರಿಸಿಕೊಳ್ಳಬೇಕು. ಒಂದರ ಅಂಕ 7.2, ಇನ್ನೊಂದರದು 7.8 ಎಂದಿಟ್ಟುಕೊಳ್ಳಿ. ನಮ್ಮ ನಕ್ಷತ್ರ ಎರಡಕ್ಕೂ ಸರಿನಡುವೆ ಇದ್ದರೆ ಅದರ ಅಂಕ 7.5. ದಿನಾಂಕ, ವೇಳೆ, ಅಂಕ, ಇಷ್ಟನ್ನು ಪುಸ್ತಕದಲ್ಲಿ ಬರೆದಿಟ್ಟರೆ ಒಂದು ವೀಕ್ಷಣೆ ಮುಗಿಯಿತು. ಮರುರಾತ್ರಿ ಮತ್ತೆ ಅದೇ ಕೆಲಸ. ಲೆಡ್ಜರು ಬರೆದವರಿಗೆ ಇದು ಪರಕೀಯವೆನಿಸದು.

ದೊಡ್ಡ ವೀಕ್ಷಣಾಲಯಗಳಿಗೆ ಇಂಥವರ ನೆರವು ಏಕೆ ಬೇಕಾಯಿತು? ನಕ್ಷತ್ರಗಳು ನೂರಾರು, ಅವುಗಳ ಏರಿಳಿತಕ್ಕೆ ತಿಂಗಳುಗಳು, ವರ್ಷಗಳು. ದೊಡ್ಡ ದೂರದರ್ಶಕಗಳನ್ನು ಅಷ್ಟು ಕಾಲ ಒಂದೇ ಕೆಲಸಕ್ಕೆ ಕಟ್ಟಿಹಾಕಲಾಗದು. ಅಲ್ಲದೆ ಅಮೆರಿಕದಲ್ಲಿ ಹಗಲಾದಾಗ ಬಂಗಾಳದಲ್ಲಿ ರಾತ್ರಿ. ಅವರಿಗೆ ತಪ್ಪಿಹೋದ ಗಳಿಗೆಯನ್ನು ಇಲ್ಲಿ ಕುಳಿತವರು ಹಿಡಿಯಬಲ್ಲರು. ಚಂದ್ರ ಅವರ ವೀಕ್ಷಣೆಗಳ ಮೌಲ್ಯವನ್ನು ಅರಿತ ಆ ಸಂಘ 1926ರಲ್ಲಿ ಆರು ಅಂಗುಲದ ದೂರದರ್ಶಕವೊಂದನ್ನು ಸಮುದ್ರ ದಾಟಿಸಿ ಜೆಸ್ಸೋರಿಗೆ ಎರವಲಾಗಿ ಕಳುಹಿಸಿಕೊಟ್ಟಿತು. 1928ರಲ್ಲಿ ಫ್ರೆಂಚ್ ಸರ್ಕಾರ ಅವರಿಗೆ ಗೌರವ ಪದವಿ ನೀಡಿತು. 1954ರವರೆಗೆ ಅವರು ಕಳುಹಿಸಿದ ವೀಕ್ಷಣೆಗಳ ಸಂಖ್ಯೆ ಮೂವತ್ತೇಳು ಸಾವಿರವನ್ನೂ ಮೀರಿತ್ತು. ವರ್ಷಕ್ಕೆ ಸರಾಸರಿ ಸಾವಿರಕ್ಕೂ ಮೇಲು, ಅದೂ ಬಂಗಾಳದ ಮಳೆಗಾಲದ ಮೋಡಗಳನ್ನು ಕಳೆದು!

ದೇಶ ವಿಭಜನೆಯಾದ ಮೇಲೆ ಅವರು ಹುಟ್ಟೂರು ಬಿಟ್ಟು ಪಶ್ಚಿಮ ಬಂಗಾಳಕ್ಕೆ ಬರಬೇಕಾಯಿತು. ಊರು ಬಿಟ್ಟವರ ಕಷ್ಟ ಪ್ರವಾಸಿ ಕನ್ನಡಿಗರಾದ ನಮಗೆ ಸ್ವಲ್ಪ ತಿಳಿದೀತು. ಆದರೆ ಹಬ್ಬಕ್ಕಾದರೂ ಹೋಗಿಬರಲು ನಮಗೆ ಊರುಂಟು, ಅವರಿಗೆ ಅದೂ ಉಳಿಯಲಿಲ್ಲ. ವಯಸ್ಸಾಗಿ ಕೆಲಸ ಸಾಗದೆಂದಾಗ ಎರವಲು ತಂದ ದೂರದರ್ಶಕವನ್ನು ಒಪ್ಪಿಸಿಬಿಟ್ಟರು. 1975ರ ಏಪ್ರಿಲಿನಲ್ಲಿ, ಕಲ್ಕತ್ತೆಯ ಬಳಿಯ ಬಾರಾಸಾತ್‌ನಲ್ಲಿ, ತೊಂಬತ್ತಾರನೆಯ ವಯಸ್ಸಿನಲ್ಲಿ ಅವರು ಬಡತನದಲ್ಲಿಯೇ ತೀರಿಕೊಂಡರು.

ಆ ಆರು ಅಂಗುಲದ ದೂರದರ್ಶಕದ ಮುಂದಿನ ಪಯಣವೂ ಕೇಳತಕ್ಕದ್ದು. ಅದು ಆಗ ನೈನಿತಾಲಿನ ವೀಕ್ಷಣಾಲಯದಲ್ಲಿದ್ದ ವೇಣು ಬಾಪು ಅವರ ಕೈಸೇರಿತು. ಬಾಪು ಅವರ ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದ ನೌಕರರು. ಮಗನೂ ಹುಡುಗತನದಲ್ಲಿಯೇ ಕಾಂತಿ ಏರಿಳಿಯುವ ನಕ್ಷತ್ರಗಳ ಬೆನ್ನು ಹತ್ತಿದವನು. ಮುಂದೆ ಬಾಪು ಅವರು ತಮಿಳುನಾಡಿನ ಜವಾದಿ ಬೆಟ್ಟಗಳ ನಡುವೆ ಕಾವಲೂರಿನಲ್ಲಿ ಹೊಸ ವೀಕ್ಷಣಾಲಯ ಕಟ್ಟಿದರು. ನಮ್ಮ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಗೆ ಸೇರಿದ್ದು ಅದು. ಗುಮಾಸ್ತರ ಉಪಕರಣವೂ ಕೊನೆಗೆ ಅಲ್ಲಿಗೇ ಬಂದಿತು. 1982ರಲ್ಲಿ ಬಾಪು ತೀರಿಕೊಂಡರು. ಅವರು ಯೋಜಿಸಿದ್ದ 93 ಅಂಗುಲದ ದೂರದರ್ಶಕಕ್ಕೆ 1986ರಲ್ಲಿ ಅವರದೇ ಹೆಸರನ್ನಿಟ್ಟರು. ಆರು ಅಂಗುಲವೂ ತೊಂಬತ್ತಮೂರು ಅಂಗುಲವೂ ಒಂದೇ ಊರಿನಲ್ಲಿ ನೆಲೆ ಕಂಡದ್ದು ಸಮಂಜಸವೇ.

ಆಕಾಶದ ಛಾಯಾಚಿತ್ರಗಳ ಇತಿಹಾಸವೂ ಹೀಗೆಯೇ ಸಣ್ಣದಾಗಿ ಆರಂಭವಾದುದು. 1840ರಲ್ಲಿ ನ್ಯೂಯಾರ್ಕಿನ ಜಾನ್ ಡ್ರೇಪರ್ ಚಂದ್ರನ ಚಿತ್ರವನ್ನು ಬೆಳ್ಳಿಯ ಲೇಪವಿದ್ದ ತಗಡಿನ ಮೇಲೆ ಹಿಡಿದನು. 1850ರಲ್ಲಿ ಹಾರ್ವರ್ಡಿನಲ್ಲಿ ಅಭಿಜಿತ್ ನಕ್ಷತ್ರದ ಚಿತ್ರ ತೆಗೆದರು. ಸೂರ್ಯನನ್ನು ಬಿಟ್ಟರೆ ಚಿತ್ರದಲ್ಲಿ ಸಿಕ್ಕ ಮೊದಲ ನಕ್ಷತ್ರ ಅದೇ. 1868ರ ಆಗಸ್ಟ್ 18ರ ಪೂರ್ಣ ಸೂರ್ಯಗ್ರಹಣವನ್ನು ಗುಂಟೂರಿನಲ್ಲಿ ಮೇಜರ್ ಟೆನೆಂಟ್ ತಂಡದವರು ಕ್ಯಾಮೆರಾದಲ್ಲಿ ಸೆರೆಹಿಡಿದರು. ಅಂದು ಅದಕ್ಕೆ ಗಾಜಿನ ಫಲಕ, ರಾಸಾಯನಿಕ, ಕತ್ತಲೆ ಡೇರೆ ಎಲ್ಲವೂ ಬೇಕಿತ್ತು. ಇಂದು ನಮ್ಮ ಜೇಬಿನ ಮೊಬೈಲನ್ನು ದೂರದರ್ಶಕದ ಕಣ್ಣಿಡುವ ಮಸೂರಕ್ಕೆ ನೇರವಾಗಿ ಹಿಡಿದರೆ ಚಂದ್ರನ ಕುಳಿಗಳು ಡ್ರೇಪರನ ಚಿತ್ರಕ್ಕಿಂತ ಸ್ಪಷ್ಟವಾಗಿ ಮೂಡುತ್ತವೆ. ಕೈ ನಡುಗದಂತೆ ಮೊಬೈಲನ್ನು ಕಚ್ಚಿ ಹಿಡಿಯುವ ಅಗ್ಗದ ಪಟ್ಟಿಗಳೂ ದೊರೆಯುತ್ತವೆ.

ಆದರೆ ಅಷ್ಟರಿಂದಲೇ ಪತ್ರಿಕೆಗಳಲ್ಲಿ ಬರುವಂಥ ಬಣ್ಣದ ನೀಹಾರಿಕೆಗಳು ದೊರೆಯುವುದಿಲ್ಲ. ಭೂಮಿ ತಿರುಗುವುದರಿಂದ ಆಕಾಶ ಗಂಟೆಗೆ ಹದಿನೈದು ಡಿಗ್ರಿ ಸರಿಯುತ್ತದೆ. ಮಂದ ವಸ್ತುಗಳಿಗೆ ಕ್ಯಾಮೆರಾದ ಕಣ್ಣು ಬಹಳ ಹೊತ್ತು ತೆರೆದಿರಬೇಕು, ಅಷ್ಟರಲ್ಲಿ ನಕ್ಷತ್ರ ಗೆರೆಯಾಗಿ ಎಳೆದುಕೊಳ್ಳುತ್ತದೆ. ಅದನ್ನು ತಪ್ಪಿಸಲು ಆಕಾಶದೊಡನೆ ತಿರುಗುವ ಮೋಟಾರಿನ ನಿಲುವು ಬೇಕು, ಅದಕ್ಕೆ ದೂರದರ್ಶಕಕ್ಕಿಂತ ಹೆಚ್ಚು ಹಣ ಬೇಕಾದೀತು. ಹೊಸಬರು ಚಂದ್ರ, ಗುರು, ಶನಿಗಳಿಂದ ಆರಂಭಿಸುವುದೇ ಮೇಲು.

ಮಕ್ಕಳಿಗಾಗಿ ಒಂದು ದೂರದರ್ಶಕ ಕೊಳ್ಳಬೇಕೆಂದಿರುವವರಿಗೆ ಈ ಇತಿಹಾಸದಿಂದ ಕೆಲವು ಪಾಠಗಳುಂಟು. ‘ಐನೂರು ಪಟ್ಟು ದೊಡ್ಡದಾಗಿ ಕಾಣುತ್ತದೆ’ ಎಂಬ ಡಬ್ಬದ ಮೇಲಿನ ಮಾತಿಗೆ ಮರುಳಾಗಬೇಡಿ. ಮಸೂರದ ಅಗಲವನ್ನು ಕೇಳಿ. ಒಂದು ಅಂಗುಲಕ್ಕೆ ಐವತ್ತು ಪಟ್ಟಿನಂತೆ ಮೂರು ಅಂಗುಲಕ್ಕೆ ನೂರೈವತ್ತೇ ಮಿತಿ, ಅದನ್ನು ಮೀರಿದರೆ ಚಿತ್ರ ಮಸುಕಾಗುತ್ತದೆ. ಅಲುಗಾಡದ ಮುಕ್ಕಾಲಿ ನಿಲುವು ಒಳ್ಳೆಯ ಗಾಜಿನಷ್ಟೇ ಮುಖ್ಯ. ತಕ್ಕ ಸೌರಶೋಧಕವನ್ನು ಮುಂಭಾಗಕ್ಕೆ ಭದ್ರವಾಗಿ ಕೂಡಿಸದೆ ದೂರದರ್ಶಕವನ್ನು ಸೂರ್ಯನತ್ತ ತಿರುಗಿಸಕೂಡದು, ಕ್ಷಣಮಾತ್ರದಲ್ಲಿ ಕಣ್ಣು ಹೋದೀತು. ಹುಣ್ಣಿಮೆಗಿಂತ ಅಷ್ಟಮಿಯ ಆಸುಪಾಸಿನ ಚಂದ್ರನಲ್ಲಿ ಕುಳಿಗಳ ನೆರಳು ಚೆನ್ನಾಗಿ ಕಾಣುತ್ತದೆ.

ಮುಂಬಯಿಯ ದೀಪಗಳ ನಡುವೆ ಏನು ಕಂಡೀತು ಎಂದು ಕೆಲವರು ಕೇಳಬಹುದು. ಚಂದ್ರನಿಗೂ ಗ್ರಹಗಳಿಗೂ ಬೀದಿ ದೀಪಗಳ ಬಾಧೆ ಹೆಚ್ಚಿಲ್ಲ. ಮಳೆಗಾಲ ಕಳೆದ ಮೇಲೆ ಕಟ್ಟಡದ ಟೆರೇಸಿನಿಂದಲೇ ಗುರುವಿನ ಚಂದ್ರರು, ಶನಿಯ ಬಳೆ ಕಾಣುತ್ತವೆ. ಉಳಿದುದನ್ನು ಊರಿಗೆ ಇಟ್ಟುಕೊಳ್ಳೋಣ. ರೈಲಿನ ಬರ್ತಿನ ಕೆಳಗೆ ಹಿಡಿಸುವಂಥ ಉಪಕರಣ ಇದು. ನಮ್ಮ ಹಿರಿಯರು ರೋಹಿಣಿ ಮಳೆ, ಮೃಗಶಿರ ಮಳೆ ಎನ್ನುತ್ತಾರೆ. ನಮ್ಮ ಮಕ್ಕಳಿಗೆ ಹೆಸರು ಗೊತ್ತು, ನಕ್ಷತ್ರ ಗೊತ್ತಿಲ್ಲ. ರೋಹಿಣಿ ಮಳೆಯೆಂದರೆ ಸೂರ್ಯ ಆ ನಕ್ಷತ್ರದ ಬಳಿಯಿರುವ ಕಾಲ, ಆದ್ದರಿಂದ ಆಗ ರೋಹಿಣಿ ಕಾಣುವುದೇ ಇಲ್ಲ. ಸಂಕ್ರಾಂತಿಗೆ ಊರಿಗೆ ಹೋದಾಗ ಸಂಜೆಯಲ್ಲಿ ಅದನ್ನು ತೋರಿಸಬಹುದು. ಪಕ್ಕದಲ್ಲೇ ಇರುವ ಮಹಾವ್ಯಾಧನ ನಡುಪಟ್ಟಿಯ ಕೆಳಗೆ ಹೊಗೆಯಂತೆ ಕಾಣುವ ನೀಹಾರಿಕೆಯನ್ನೂ ತೋರಿಸಬಹುದು.

ಕೊನೆಯದಾಗಿ, ದೂರದರ್ಶಕದ ಜೊತೆಗೆ ನೂರು ಪುಟದ ಒಂದು ನೋಟುಬುಕ್ಕನ್ನೂ ಕೊಂಡುಕೊಡಿ. ಮಕ್ಕಳು ಕಂಡದ್ದನ್ನು ದಿನಾಂಕ, ವೇಳೆ ಸಹಿತ ಬರೆದಿಡಲಿ, ಚಿತ್ರ ತೆಗೆದರೆ ಅದರ ವಿವರವನ್ನೂ ಬರೆಯಲಿ. ಅಮೆರಿಕದ ಆ ಸಂಘ ಇಂದಿಗೂ ಜಗತ್ತಿನ ಹವ್ಯಾಸಿಗಳಿಂದ ವೀಕ್ಷಣೆಗಳನ್ನು ಸ್ವೀಕರಿಸುತ್ತಿದೆ. ನೋಡಿದ್ದು ಮರೆತುಹೋಗುತ್ತದೆ, ಬರೆದದ್ದು ಉಳಿಯುತ್ತದೆ. ಖಜಾನೆಯ ನೌಕರರೊಬ್ಬರು ತಮ್ಮ ಹೆಸರನ್ನು ವಿಜ್ಞಾನದ ಲೆಕ್ಕಪತ್ರದಲ್ಲಿ ಉಳಿಸಿಹೋದದ್ದು ಹಾಗೆಯೇ.