ಗುರುತಿಲ್ಲದ್ದನ್ನು ದಾಟಿ ಮುಂದೆ ಹೋಗು: ರಿಫ್ ಫೈಲುಗಳ ಕಥೆ

ಯಾವುದಾದರೂ ವೇವ್ ಧ್ವನಿ ಫೈಲನ್ನು, ಬೈಟುಗಳನ್ನು ಇದ್ದಂತೆ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದು ನೋಡಿ. ಮೊದಲ ನಾಲ್ಕು ಬೈಟುಗಳಲ್ಲಿ ‘ಆರ್‌ಐಎಫ್‌ಎಫ್’ ಅಕ್ಷರಗಳು ಕಾಣುತ್ತವೆ. ಮುಂದಿನ ನಾಲ್ಕರಲ್ಲಿ ಉಳಿದ ಫೈಲಿನ ಉದ್ದ, ಆಮೇಲೆ ‘ವೇವ್’ ಎಂಬ ಗುರುತು. ಅಲ್ಲಿಂದಾಚೆ ಎಲ್ಲವೂ ಚಂಕ್‌ಗಳೇ: ನಾಲ್ಕಕ್ಷರದ ಹೆಸರು, ನಾಲ್ಕು ಬೈಟಿನಲ್ಲಿ ಉದ್ದ, ಅಷ್ಟುದ್ದದ ದತ್ತಾಂಶ. ಹೆಸರು ಗುರುತಿಲ್ಲದಿದ್ದರೆ ಪ್ರೋಗ್ರಾಂ ಅಷ್ಟು ಬೈಟು ದಾಟಿ ಮುಂದಿನ ಚಂಕ್ ಹಿಡಿದರಾಯಿತು. ಈ ಮಾದರಿ ಇಷ್ಟು ಕಾಲ ಬಾಳಿದ್ದು ಈ ಒಂದು ನಿಯಮದ ಬಲದಿಂದ.

ಇದರ ಮೂಲ 1985ರ ಐಎಫ್‌ಎಫ್ ಎಂಬ ಫೈಲು ಮಾದರಿ. ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ಗೇಮ್ ಕಂಪನಿಯ ಜೆರ್ರಿ ಮಾರಿಸನ್ ರೂಪಿಸಿದ್ದು. ಒಂದು ಪ್ರೋಗ್ರಾಮಿನಲ್ಲಿ ಬಿಡಿಸಿದ ಚಿತ್ರ ಇನ್ನೊಂದರಲ್ಲೂ ತೆರೆಯಬೇಕೆಂಬುದು ಉದ್ದೇಶ. ಕಮೊಡೋರ್‌ನ ಅಮಿಗಾ ಕಂಪ್ಯೂಟರುಗಳಲ್ಲಿ ಅದು ಬೇರೂರಿತು. ನಾಲ್ಕಕ್ಷರದ ಗುರುತಿನ ಪದ್ಧತಿ ಆ್ಯಪಲ್‌ನ ಮ್ಯಾಕಿಂಟಾಷ್‌ನಲ್ಲಿ ಮೊದಲೇ ಇತ್ತು, ಐಎಫ್‌ಎಫ್ ಅದನ್ನು ಅಲ್ಲಿಂದ ಎರವಲು ಪಡೆದಿತ್ತು. 1988ರಲ್ಲಿ ಆ್ಯಪಲ್ ಐಎಫ್‌ಎಫ್ ಆಧಾರದಲ್ಲೇ ತನ್ನ ಎಐಎಫ್‌ಎಫ್ ಧ್ವನಿ ಫೈಲು ತಂದು ಸಾಲದ ಲೆಕ್ಕ ಚುಕ್ತಾ ಮಾಡಿಕೊಂಡಿತು ಎನ್ನಬಹುದು!

1991ರಲ್ಲಿ ಮೈಕ್ರೋಸಾಫ್ಟ್ ಮತ್ತು ಐಬಿಎಂ ಇದನ್ನೇ ರಿಫ್ ಎಂದು ಮರುರೂಪಿಸಿದವು. ಮುಖ್ಯ ವ್ಯತ್ಯಾಸ ಒಂದೇ. ಐಎಫ್‌ಎಫ್‌ನಲ್ಲಿ ಸಂಖ್ಯೆಯ ದೊಡ್ಡ ಬೈಟು ಮೊದಲು ಬರುತ್ತಿತ್ತು, ರಿಫ್‌ನಲ್ಲಿ ಇಂಟೆಲ್ ಚಿಪ್‌ಗಳಿಗೆ ಒಗ್ಗುವಂತೆ ಚಿಕ್ಕದು ಮೊದಲು. ವೇವ್ ಜತೆಯಲ್ಲೇ ಬಂತು, ಎವಿಐ ವಿಡಿಯೊ 1992ರಲ್ಲಿ.

ನಿಯಮ ಚೆನ್ನಾಗಿತ್ತು, ಪಾಲಿಸುವವರು ಸೋಮಾರಿಗಳು. ಸಾಮಾನ್ಯ ವೇವ್‌ನಲ್ಲಿ ಧ್ವನಿ ಶುರುವಾಗುವುದು ಮೊದಲ 44 ಬೈಟುಗಳ ನಂತರ. ಹಾಗೆಂದು ಎಷ್ಟೋ ಪ್ರೋಗ್ರಾಂಗಳು ಚಂಕ್ ಹುಡುಕದೆ ನೇರ ಅಲ್ಲಿಗೇ ಹಾರುತ್ತವೆ. ನಡುವೆ ಹಾಡಿನ ಹೆಸರು, ಗಾಯಕರ ಹೆಸರಿನ ಚಂಕ್ ಇದ್ದರೆ ಅದನ್ನೂ ಧ್ವನಿ ಎಂದುಕೊಂಡು ‘ಟಪ್’ ಎನಿಸುತ್ತವೆ. ಇನ್ನೊಂದು ತೊಡಕು: ಉದ್ದ ಬರೆಯಬೇಕಾದ್ದು ಫೈಲಿನ ಆರಂಭದಲ್ಲಿ, ತಿಳಿಯುವುದು ರೆಕಾರ್ಡಿಂಗ್ ಮುಗಿದ ಮೇಲೆ. ನಡುವೆ ಕರೆಂಟ್ ಹೋದರೆ ಧ್ವನಿಯೆಲ್ಲ ಡಿಸ್ಕಿನಲ್ಲಿದ್ದೂ ಉದ್ದದ ಜಾಗದಲ್ಲಿ ಸೊನ್ನೆ ಉಳಿದಿರಬಹುದು. ಆಗ ಪ್ಲೇಯರ್ ಫೈಲು ಖಾಲಿ ಎನ್ನುತ್ತದೆ. ಆ ಸಂಖ್ಯೆ ತಿದ್ದಿದರೆ ಧ್ವನಿ ಮರಳುತ್ತದೆ.

ಚಂಕ್ ಪದ್ಧತಿ ಬೇರೆ ಮಾದರಿಗಳಲ್ಲೂ ಕಾಣುತ್ತದೆ. 1996ರ ಪಿಎನ್‌ಜಿ ಚಿತ್ರ ಮಾದರಿ ಚಂಕ್‌ಗೆ ದೋಷ ಪತ್ತೆಯ ಸಂಖ್ಯೆ ಸೇರಿಸಿತು. ದಾಟಬಹುದಾದ ಚಂಕ್ ಯಾವುದೆಂದು ಹೆಸರಿನ ಮೊದಲಕ್ಷರ ಚಿಕ್ಕದೋ ದೊಡ್ಡದೋ ಎಂಬುದರಲ್ಲೇ ಸೂಚಿಸಿತು. ನನಗೆ ಇದೇ ಅತ್ಯಂತ ಜಾಣ ಸುಧಾರಣೆ. ಆ್ಯಪಲ್‌ನ ಕ್ವಿಕ್‌ಟೈಮ್ ವಿಡಿಯೊದಲ್ಲಿ ಚಂಕ್‌ನಂಥ ತುಂಡುಗಳಿಗೆ ಆ್ಯಟಮ್ ಎಂದು ಹೆಸರು, ಅವುಗಳಿಂದ ಎಂಪಿ4 ಬೆಳೆಯಿತು. 2010ರಲ್ಲಿ ಗೂಗಲ್ ತಂದ ವೆಬ್‌ಪಿ ಚಿತ್ರಗಳ ಒಳಗಿರುವುದು ಹಳೆಯ ರಿಫ್‌ನ ಚೌಕಟ್ಟೇ.

ನಾಲ್ಕು ಬೈಟಿನ ಉದ್ದ ಹಾಕಿದ 4 ಜಿಬಿ ಮಿತಿಯನ್ನು ಯುರೋಪಿಯನ್ ಪ್ರಸಾರ ಸಂಸ್ಥೆಗಳ ಒಕ್ಕೂಟದ ಆರ್‌ಎಫ್64 ದಾಟಿತು. ಉಪಾಯ ಸೊಗಸಾದದ್ದು: ಆರಂಭದಲ್ಲಿ ‘ಜಂಕ್’ ಎಂಬ ಹುಸಿ ಚಂಕ್ ಇಟ್ಟಿರುವುದು, ಫೈಲು ಮಿತಿ ಮೀರಿದರೆ ಅದೇ ಜಾಗದಲ್ಲಿ 64 ಬಿಟ್ ಉದ್ದ ಬರೆಯುವುದು. ಮೀರದಿದ್ದರೆ ಹಳೆಯ ಪ್ರೋಗ್ರಾಂಗಳು ಜಂಕನ್ನು ದಾಟಿ ಹೋಗುತ್ತವೆ.

48 ಕಿಲೋಹರ್ಟ್ಸ್, 24 ಬಿಟ್ ಸ್ಟೀರಿಯೊದಲ್ಲಿ ಸುಮಾರು 4 ಗಂಟೆಗೆ 4 ಜಿಬಿ ತುಂಬುತ್ತದೆ. ಬೆಳಗಿನವರೆಗಿನ ಯಕ್ಷಗಾನವನ್ನು ಒಂದೇ ಫೈಲಿನಲ್ಲಿ ರೆಕಾರ್ಡ್ ಮಾಡುವವರು ಚೆಂಡೆ ಶುರುವಾಗುವ ಮೊದಲೇ ರೆಕಾರ್ಡರಿನಲ್ಲಿ ಆರ್‌ಎಫ್64 ಆಯ್ಕೆ ಇದೆಯೇ ಎಂದು ನೋಡಿಕೊಳ್ಳಿ.